ಹದಿನಾಲ್ಕು ಚುಚ್ಚುಮದ್ದು

ಫೆಬ್ರವರಿ ೫, ಸೋಮವಾರ

ಇಪ್ಪತ್ತೆರಡು ವರ್ಷ ಈ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೂತು ಮಾತ್ರೆ ಎಣಿಸಿದ್ದಕ್ಕೆ ಇವತ್ತು ಬಹುಮಾನ ಸಿಕ್ಕಿತು. ನಮ್ಮಲ್ಲಿರುವ ಇನ್ನೂರ ಹನ್ನೆರಡು ಔಷಧಗಳಲ್ಲಿ ಯಾವುದರಲ್ಲಿ ಪ್ರಾಣಿಯಿಂದ ತೆಗೆದ ವಸ್ತು ಇದೆ, ಯಾವುದರಲ್ಲಿ ಇಲ್ಲ ಎಂದು ಪಟ್ಟಿ ಮಾಡಿ ಕಿಟಕಿಯ ಪಕ್ಕ ಗೋಡೆಗೆ ಹಾಕಬೇಕಂತೆ. ಸೂಪರಿಂಟೆಂಡೆಂಟ್ ಕರೆದು, ಕೂರಿಸಿ, ಚಹಾ ಕೊಟ್ಟು ಹೇಳಿದರು. ಚಹಾ ಬಂದಾಗಲೇ ನನಗೆ ಅನುಮಾನ ಬಂದಿತ್ತು.

ಕಳೆದ ತಿಂಗಳು ಒಬ್ಬ ರೋಗಿ, ಕ್ಯಾಪ್ಸೂಲಿನ ಕವಚವನ್ನು ಮೂಳೆ ಚರ್ಮ ಬೇಯಿಸಿ ಮಾಡುತ್ತಾರೆ ಎಂದು ಎಲ್ಲೋ ಓದಿ, ಹತ್ತು ದಿನದ ಔಷಧವನ್ನು ತಂದು ನನ್ನ ಕಿಟಕಿಯಲ್ಲಿ ಸುರಿದು ಹೋಗಿದ್ದ. ಅದರ ಫಲ ಇದು. ಔಷಧಕ್ಕೂ ಕುಲ ಗೋತ್ರ ಹುಡುಕುವ ಕೆಲಸ ನನ್ನ ತಲೆಗೆ ಬಂತು. ಕ್ಯಾಪ್ಸೂಲು ಬೇಡವಾದವನಿಗೆ ಜ್ವರವೂ ಬೇಡ ಎನ್ನುವ ಧೈರ್ಯ ಇರಬೇಕಿತ್ತು. ಇದನ್ನು ಇಲ್ಲಿ ಬರೆಯದೆ ಹೋದರೆ ನಾಳೆ ಸೂಪರಿಂಟೆಂಡೆಂಟರ ಮುಖದ ಮೇಲೇ ಹೇಳಿಬಿಡುತ್ತೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಫೆಬ್ರವರಿ ೮, ಗುರುವಾರ

ನೆರವಿಗೆ ಎಂದು ಪ್ರಾರ್ಥನಾ ಮಂದಿರದ ಗುರುಗಳನ್ನು ಕರೆಸಿದ್ದಾರೆ. ಇನ್ನು ಪ್ರತಿ ಗುರುವಾರ ಮಧ್ಯಾಹ್ನ ಎರಡಕ್ಕೆ ಬಂದು ನನ್ನ ಎದುರು ಕೂರುತ್ತಾರಂತೆ. ನಾನು ಹುಟ್ಟಿದ್ದು ಅವರ ಧರ್ಮದಲ್ಲೇ. ಆದರೆ ಮಂದಿರದ ಮೆಟ್ಟಿಲು ಹತ್ತಿ ಮೂವತ್ತು ವರ್ಷವಾಯಿತು, ಅವರಿಗೆ ನನ್ನ ಗುರುತು ಸಿಗಲಿಲ್ಲ. ನಾನೂ ಹೇಳಲಿಲ್ಲ. ಹೇಳಿದರೆ ಮುಂದಿನ ವಾರದಿಂದ ಪಟ್ಟಿ ಪಕ್ಕಕ್ಕಿಟ್ಟು ನನ್ನನ್ನು ದಾರಿಗೆ ತರಲು ಕೂತುಬಿಟ್ಟರೆ ಏನು ಗತಿ.

ಎಪ್ಪತ್ತು ದಾಟಿದ ಮನುಷ್ಯ. ಒಂದು ಕಾಲದಲ್ಲಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರಂತೆ, ಪೆನ್ಸಿಲ್ಲಿನಲ್ಲೇ ಬರೆಯುತ್ತಾರೆ. ಬಂದವರೇ ಜೇಬಿನಿಂದ ತಮ್ಮ ಮಾತ್ರೆ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, ಮೊದಲು ಇದರಿಂದಲೇ ಶುರು ಮಾಡೋಣ ಎಂದರು. ದಿನಕ್ಕೆ ಒಂಬತ್ತು ಮಾತ್ರೆ ನುಂಗುತ್ತಾರೆ, ಹೃದಯಕ್ಕೆ ಎರಡು ಸ್ಟೆಂಟ್ ಹಾಕಿಸಿಕೊಂಡಿದ್ದಾರೆ. ಒಂಬತ್ತರಲ್ಲಿ ಎರಡು ಕ್ಯಾಪ್ಸೂಲು. ಕವಚ ಯಾವುದರಿಂದ ಮಾಡಿದ್ದು ಎಂದು ನಾನು ಸ್ವಲ್ಪ ಖುಷಿಯಿಂದಲೇ ಹೇಳಿದೆ. ಅವರು ಬೆಚ್ಚಿಬೀಳಲಿಲ್ಲ. ಹೌದಾ ಎಂದು ಬರೆದುಕೊಂಡರು ಅಷ್ಟೇ. ನನಗೆ ನಿರಾಸೆಯಾಯಿತು.

ಫೆಬ್ರವರಿ ೧೪, ಬುಧವಾರ

ನಿನ್ನೆ ಬರೆಯಲು ಆಗಲಿಲ್ಲ. ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದೆ.

ಎರಡು ವಾರದಿಂದ ಶಾಲೆಯವರ ಸಮವಸ್ತ್ರ ಹೊಲಿಯುತ್ತಾ ಹೊಲಿಗೆ ಮಿಷನ್ನಿನ ಮುಂದಿನಿಂದ ಎದ್ದಿರಲಿಲ್ಲ. ನಿನ್ನೆ ಮಧ್ಯಾಹ್ನ ನಾನು ಊಟಕ್ಕೆ ಹೋದಾಗ ಎಡಗಾಲು ಕಂಬದ ಹಾಗೆ ಊದಿತ್ತು. ಒಂದು ಚಡ್ಡಿಯ ಅಂಚು ಬಾಕಿ ಇದೆ, ಮುಗಿಸಿ ಬರುತ್ತೇನೆ ಎಂದಳು. ಚಡ್ಡಿ ಕಿತ್ತು ಎಸೆದು ಆಟೋ ಹತ್ತಿಸಿದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಅದು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಉಳಿಸುವುದು ಕಷ್ಟ ಎಂದು ಡಾಕ್ಟರಮ್ಮ ಮರೆಮಾಚದೆ ಹೇಳಿದರು. ಏಳು ದಿನ, ಬೆಳಿಗ್ಗೆ ಸಂಜೆ, ಹೊಟ್ಟೆಗೆ ಹೆಪಾರಿನ್ ಚುಚ್ಚುಮದ್ದು. ಜೊತೆಗೇ ಒಂದು ಮಾತ್ರೆ, ಅದು ಆರು ತಿಂಗಳು.

ಹೆಪಾರಿನ್ ಹಂದಿಯ ಕರುಳಿನಿಂದ ತೆಗೆಯುತ್ತಾರೆ. ನಮ್ಮ ಧರ್ಮದಲ್ಲಿ ಹಂದಿ ನಿಷಿದ್ಧ, ಅದರ ಹೆಸರೆತ್ತಿದರೆ ಅಕ್ಕ ಕೈತೊಳೆಯಲು ಹೋಗುವವಳು.

ನರ್ಸ್ ಸಿರಿಂಜ್ ತಂದಾಗ ಅಕ್ಕ ನನ್ನ ಕಡೆ ತಿರುಗಿ, "ಇದ್ರಲ್ಲಿ ಏನಿದ್ಯೋ?" ಎಂದಳು.

"ಫ್ಯಾಕ್ಟರೀಲಿ ಮಾಡೋ ಔಷಧಿ ಅಕ್ಕ."

"ಪ್ರಾಣಿದೇನೂ ಇಲ್ವಲ್ಲ?"

"ಇಲ್ಲ."

ನೀನು ಹೇಳಿದ ಮೇಲೆ ಮುಗಿಯಿತು ಎಂದು ಕಣ್ಣು ಮುಚ್ಚಿ ಏನೋ ಹೇಳಿಕೊಂಡು ಸೆರಗು ಸರಿಸಿದಳು. ಇದನ್ನು ಸುಳ್ಳು ಎಂದು ನಾನು ಒಪ್ಪುವುದಿಲ್ಲ. ಫ್ಯಾಕ್ಟರಿಯಲ್ಲೇ ಮಾಡುತ್ತಾರೆ. ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಅಮ್ಮ ಇಬ್ಬರೂ ಹೋದರು, ಹತ್ತೊಂಬತ್ತರ ಅಕ್ಕ ಬಟ್ಟೆ ಹೊಲಿದು ನನ್ನನ್ನು ಓದಿಸಿದಳು. ಅವಳ ಪ್ರಾಣದ ಜೊತೆ ಧರ್ಮಶಾಸ್ತ್ರದ ಚರ್ಚೆಗೆ ಕೂರುವಷ್ಟು ಪುರುಸೊತ್ತು ನನಗಿಲ್ಲ.

ಫೆಬ್ರವರಿ ೨೦, ಮಂಗಳವಾರ

ಬೆಳಿಗ್ಗೆ ಕೊನೆಯ ಚುಚ್ಚುಮದ್ದು ಕೊಟ್ಟೆ. ಮೊದಲ ನಾಲ್ಕು ವಾರ್ಡಿನಲ್ಲಿ ಆದವು, ಉಳಿದ ಹತ್ತು ಮನೆಯಲ್ಲಿ ನಾನೇ. ಕಾಲಿನ ಊತ ಅರ್ಧಕ್ಕೆ ಇಳಿದಿದೆ. ಮಾತ್ರೆ ಪ್ರತಿ ಸಂಜೆ ಆರಕ್ಕೆ, ತಪ್ಪಿಸುವಂತಿಲ್ಲ. ರಕ್ತ ಪರೀಕ್ಷೆಯ ಸಂಖ್ಯೆ ಎರಡರಿಂದ ಮೂರರ ನಡುವೆ ಇರಬೇಕು, ಇಳಿದರೆ ರಕ್ತ ಮತ್ತೆ ಹೆಪ್ಪುಗಟ್ಟಬಹುದು, ಇವತ್ತು ಎರಡೂಕಾಲು. ಅಕ್ಕ ಪಕ್ಕದ ಮನೆಯವರಿಗೆಲ್ಲ ನನ್ನ ಕೈಗುಣ ಹೊಗಳುತ್ತಿದ್ದಾಳೆ, ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲವಂತೆ.

ಪಟ್ಟಿ ಮೂವತ್ತೊಂದಕ್ಕೆ ನಿಂತಿದೆ. ಕಂಪನಿಗಳಿಗೆ ಪತ್ರ ಬರೆದರೆ ಉತ್ತರವಿಲ್ಲ. ನನಗೂ ಅವಸರವಿಲ್ಲ.

ಫೆಬ್ರವರಿ ೨೫, ಭಾನುವಾರ

ಅಕ್ಕ ಕಾಲಿಗೆ ಬಿಗಿ ಕಾಲುಚೀಲ ಹಾಕಿಕೊಂಡು ಮಂದಿರಕ್ಕೆ ಹೋಗಿ ಬಂದಳು. ಬಂದವಳು ಖುಷಿಯಾಗಿದ್ದಳು. ಅಲ್ಲಿ ಒಬ್ಬ ನಿವೃತ್ತ ಟೀಚರಿಗೆ ಸೊಂಟದ ಆಪರೇಷನ್ ಆಗಿ ಇದೇ ಚುಚ್ಚುಮದ್ದು ಬರೆದುಕೊಟ್ಟಿದ್ದಾರಂತೆ, ಅವರು ಹೆದರಿ ತೆಗೆದುಕೊಳ್ಳದೆ ಕೂತಿದ್ದರಂತೆ. ಅಕ್ಕ ಹೆಂಗಸರೆಲ್ಲರ ಮುಂದೆ, ಅದರಲ್ಲಿ ನಿಷಿದ್ಧವಾದದ್ದು ಏನೂ ಇಲ್ಲ, ನನ್ನ ತಮ್ಮ ಔಷಧ ವಿಭಾಗದ ಮುಖ್ಯಸ್ಥ, ಅವನೇ ಹೇಳಿದ್ದಾನೆ, ನಾನು ಹೊಣೆ ಎಂದು ಹೇಳಿ ಬಂದಿದ್ದಾಳೆ. ಟೀಚರ್ ಅಲ್ಲಿಂದ ಹೋಗಿ ಚುಚ್ಚಿಸಿಕೊಂಡರಂತೆ.

ಒಳ್ಳೆಯದೇ ಆಯಿತು, ಟೀಚರ್ ಉಳಿದರು. ಅದರಲ್ಲಿ ತಪ್ಪೇನಿದೆ. ಊಟ ಯಾಕೋ ಸೇರಲಿಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು.

ಮಾರ್ಚ್ ೭, ಗುರುವಾರ

ಪಟ್ಟಿಯಲ್ಲಿ ಹೆಪಾರಿನ್ನಿನ ಸಾಲನ್ನು ನಾನು ಮೂರು ವಾರದಿಂದ ಹಾರಿಸಿಕೊಂಡು ಬಂದಿದ್ದೆ. ಇವತ್ತು ಗುರುಗಳೇ ಅದನ್ನು ಎತ್ತಿದರು. ಮಂದಿರದಲ್ಲಿ ಒಬ್ಬ ತಾಯಿ ಅದು ಶುದ್ಧ ಎಂದು ಹೇಳಿದರಂತೆ, ಆಕೆಯ ತಮ್ಮ ಇಲ್ಲೇ ಎಲ್ಲೋ ಕೆಲಸ ಮಾಡುತ್ತಾನಂತೆ, ನಿಮಗೆ ಗೊತ್ತಿರಬಹುದು ಎಂದರು. ನನಗೆ ಗೊತ್ತಿಲ್ಲ ಎಂದೆ. ಆಮೇಲೆ ಹೆಪಾರಿನ್ ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಇದೊಂದನ್ನು ಮಾತ್ರ ನನ್ನ ಕೈಯಲ್ಲಿ ತಿರುಚಲು ಆಗಲಿಲ್ಲ. ಹಂದಿಯ ಕರುಳಿನಿಂದ ಎಂದೆ.

ಈಗ ಗುಡುಗುತ್ತಾರೆ ಎಂದು ಕಾದೆ. ಅವರು ಪೆನ್ಸಿಲ್ ಚೂಪು ಮಾಡಿಕೊಂಡು ಬರೆದರು. ಪ್ರಾಣಕ್ಕೆ ಬೇಕಾದಾಗ ತೆಗೆದುಕೊಳ್ಳಬಹುದು, ನಮ್ಮ ಗ್ರಂಥದಲ್ಲಿ ಇದಕ್ಕೆ ಯಾವತ್ತೂ ಅಡ್ಡಿಯಿಲ್ಲ, ಬೇರೆ ಔಷಧ ಇದ್ದರೆ ಅದು ಮೊದಲು, ಇಲ್ಲದಿದ್ದರೆ ಇದೇ ಎಂದರು. ಇಷ್ಟೇ. ನಾನು ಯಾವುದಕ್ಕೆ ಹೆದರಿ ಸುಳ್ಳು ಹೇಳಿದ್ದೆನೋ ಅದು ಎರಡು ನಿಮಿಷದ ಮಾತು.

"ಹಾಗಾದ್ರೆ ತೊಂದರೆ ಏನಿದೆ?" ಎಂದೆ. ದನಿ ಸ್ವಲ್ಪ ಜೋರಾಗಿತ್ತು.

"ತೊಂದರೆ ಇಲ್ಲ. ಆದ್ರೆ ತಗೊಳ್ಳೋರಿಗೆ ಗೊತ್ತಿರಬೇಕು. ಇದು ಇಂಥದ್ದು, ನನ್ನ ಜೀವಕ್ಕೋಸ್ಕರ ತಗೋತಿದೀನಿ ಅಂತ ಅವರೇ ಹೇಳ್ಕೋಬೇಕು. ಆ ಮಾತು ಇನ್ನೊಬ್ಬರು ಹೇಳೋಕಾಗಲ್ಲ."

ಬೇರೆ ಔಷಧ ಇದೆಯೇ ಎಂದು ಕೇಳಿದರು. ಇದೆ. ಪೂರ್ತಿ ಕೃತಕವಾಗಿ ಮಾಡಿದ ಇನ್ನೊಂದು ಚುಚ್ಚುಮದ್ದು ಇದೆ. ವರ್ಷಕ್ಕೆ ಮೂರು ಹೋಗಿತ್ತು ಎಂದು ಹೋದ ವರ್ಷ ನಾನೇ ಅದನ್ನು ತರಿಸುವುದು ನಿಲ್ಲಿಸಿದ್ದೆ. ಯಾರೂ ಕೇಳುವವರಿಲ್ಲ ಎಂದೆ.

"ಕೇಳೋಕೆ ಅವರಿಗೆ ಗೊತ್ತಿರಬೇಕಲ್ಲ," ಎಂದು ಅವರು ಮುಂದಿನ ಸಾಲಿಗೆ ಹೋದರು.

ಗಣಿತದ ಮೇಷ್ಟ್ರು. ಕಾಡಿಸುವುದು ಚೆನ್ನಾಗಿ ಗೊತ್ತು.

ಮಾರ್ಚ್ ೮, ಶುಕ್ರವಾರ

ಆ ಕೃತಕ ಚುಚ್ಚುಮದ್ದು ಹತ್ತು ತರಿಸಲು ಬರೆದೆ. ಪಟ್ಟಿಯಲ್ಲಿ ಪರ್ಯಾಯ ಎಂಬ ಕಾಲಮ್ಮು ಖಾಲಿ ಕಾಣುತ್ತಿತ್ತು, ಅದಕ್ಕೆ.

ಮಾರ್ಚ್ ೧೨, ಮಂಗಳವಾರ

ಹೇಳಲಿಲ್ಲ. ಅಕ್ಕನಿಗೆ ಮಿಷನ್ನಿನ ಬೆಲ್ಟ್ ಬದಲಾಯಿಸಿಕೊಟ್ಟೆ.

ಮಾರ್ಚ್ ೧೪, ಗುರುವಾರ

ಇಂದೂ ಹೇಳಲಿಲ್ಲ. ಪಟ್ಟಿ ನೂರ ಎಂಬತ್ತಕ್ಕೆ ಬಂತು. ಮುಂದಿನ ವಾರ ಗೋಡೆಗೆ ಹೋಗುತ್ತದೆ. ಅಕ್ಕ ಔಷಧಕ್ಕೆ ಬಂದಾಗ ಗೋಡೆಯ ಮೇಲಿರುವುದನ್ನೆಲ್ಲ, ಉಗುಳಬಾರದು ಎಂಬುದನ್ನೂ ಬಿಡದೆ, ಓದುವವಳು.

ಮಾರ್ಚ್ ೧೬, ಶನಿವಾರ

ಸಂಜೆ ಆರಕ್ಕೆ ಮಾತ್ರೆ ಕೊಡುವಾಗ ಹೇಳಿದೆ. ಹೇಗೆ ಹೇಳಬೇಕು ಎಂದು ನಾಲ್ಕು ದಿನ ಕಟ್ಟಿಟ್ಟುಕೊಂಡಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಆ ಚುಚ್ಚುಮದ್ದು ಹಂದಿಯಿಂದ ಮಾಡಿದ್ದು ಅಕ್ಕ, ಆದರೆ ಗುರುಗಳು ಪರವಾಗಿಲ್ಲ ಎಂದಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅಕ್ಕ ಹೊಲಿಯುವುದನ್ನು ನಿಲ್ಲಿಸಿ, ಸೂಜಿಯಿಂದ ಬಟ್ಟೆ ಬಿಡಿಸಿ, ಮಡಚಿಟ್ಟಳು. ಎಷ್ಟು ಸಲ ಎಂದು ಕೇಳಿದಳು. ಹದಿನಾಲ್ಕು ಎಂದೆ.

"ಹದಿನಾಲ್ಕು ಸಲಾನೂ ನಿನ್ನ ಕೇಳಿದ್ದೆ ಕಣೋ."

ಕೇಳಿದ್ದಳು. ಅದನ್ನು ನಾನು ಇಲ್ಲಿ ಬರೆದಿರಲಿಲ್ಲ. ಪ್ರತಿ ಸಲ ಸೂಜಿಗೆ ಮೊದಲು ಕೇಳುತ್ತಿದ್ದಳು, ಪ್ರತಿ ಸಲ ನಾನು ಇಲ್ಲ ಎನ್ನುತ್ತಿದ್ದೆ, ಆಮೇಲೆ ಅವಳು ಶುದ್ಧವಾದ ಔಷಧ ಕೊಟ್ಟೆಯಲ್ಲ ಎಂದು ದೇವರಿಗೆ ವಂದನೆ ಹೇಳುತ್ತಿದ್ದಳು. ನಾನು ಅಲ್ಲೇ ನಿಂತು ಸ್ಪಿರಿಟ್ ಹತ್ತಿ ಹಿಂಡುತ್ತಿದ್ದೆ.

ನಿನ್ನ ಪ್ರಾಣ ಉಳಿಸಲು ಮಾಡಿದೆ ಎಂದೆ. ಪ್ರಾಣ ನನ್ನದಲ್ಲವಾ ಎಂದಳು. ಕೇಳಿದ್ದರೆ ಗುರುಗಳ ಹತ್ತಿರ ಹೋಗಿ ಬರಲು ಹತ್ತು ನಿಮಿಷ ಸಾಕಿತ್ತು, ನಾನು ಬೇಡ ಎನ್ನುತ್ತೇನೆ ಎಂದು ನೀನೇ ತೀರ್ಮಾನ ಮಾಡಿಬಿಟ್ಟೆ, ನನ್ನನ್ನು ಅಷ್ಟು ದಡ್ಡಿ ಅಂದುಕೊಂಡೆಯಾ ಎಂದಳು. ಆಮೇಲೆ ಟೀಚರ ನೆನಪಾಯಿತು ಅವಳಿಗೆ. ಅವರಿಗೆ ನಾನು ಹೊಣೆ ಅಂದುಬಿಟ್ಟೆನಲ್ಲ ಎಂದಳು.

ಮೇಜಿನ ಮೇಲಿದ್ದ ಮಾತ್ರೆಯನ್ನು ನನ್ನ ಕಡೆ ತಳ್ಳಿದಳು. ಇದರಲ್ಲಿ ಏನೂ ಇಲ್ಲ, ಬರೀ ರಾಸಾಯನಿಕ, ಆಣೆ ಮಾಡುತ್ತೇನೆ ಎಂದೆ. ನಿನ್ನ ಆಣೆಗೆ ಏನು ಬೆಲೆ ಎಂದಳು. ಸಿಟ್ಟಿನಿಂದಲ್ಲ. ನಿಜವಾಗಿ ಗೊತ್ತಿಲ್ಲದೆ ಕೇಳಿದ ಹಾಗೆ.

ಮಾತ್ರೆ ತೆಗೆದುಕೊಳ್ಳಲಿಲ್ಲ.

ಮಾರ್ಚ್ ೧೭, ಭಾನುವಾರ

ಮಂದಿರದಲ್ಲಿ ಎದ್ದು ನಿಂತು ಹೇಳಿದಳಂತೆ. ಪಕ್ಕದ ಮನೆಯಾಕೆ ಬಂದು ವರದಿ ಒಪ್ಪಿಸಿದರು. ನನ್ನ ತಮ್ಮ ನನಗೆ ಸುಳ್ಳು ಹೇಳಿದ್ದ, ನಾನು ನಿಮಗೆ ಹೇಳಿದೆ, ನಿಮ್ಮೆಲ್ಲರ ಕ್ಷಮೆ ಕೇಳುತ್ತೇನೆ ಎಂದಳಂತೆ. ಟೀಚರ್ ಕೈಹಿಡಿದು ಕೂರಿಸಿದರಂತೆ. ನನ್ನ ಹೆಸರೆತ್ತದೆ, ನಾನು ತಿಳಿದುಕೊಂಡದ್ದು ತಪ್ಪಾಗಿತ್ತು ಎಂದಷ್ಟೇ ಹೇಳಬಹುದಿತ್ತು. ಅದು ಅವಳಿಗೆ ಬರುವುದಿಲ್ಲ.

ಸಂಜೆ ಮಾತ್ರೆ ಮುಟ್ಟಲಿಲ್ಲ. ಎರಡು ದಿನವಾಯಿತು. ನನಗೆ ಊಟ ಬಡಿಸಿ ಮಿಷನ್ನಿನ ಮುಂದೆ ಹೋಗಿ ಕೂತಳು. ಸುಳ್ಳನ್ನು ನಂಬಿದವಳು ಈಗ ನಿಜವನ್ನು ನಂಬುತ್ತಿಲ್ಲ, ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿದೆ.

ಮಾರ್ಚ್ ೧೮, ಸೋಮವಾರ

ಕಿಟಕಿಯಲ್ಲಿ ಬೆಳಿಗ್ಗೆಯಿಂದ ಮಂದಿರದ ಹೆಂಗಸರು. ಒಬ್ಬೊಬ್ಬರೂ ಚೀಟಿ ಕೊಟ್ಟು, ಇದರಲ್ಲಿ ಏನಿದೆ, ಖಂಡಿತಾನಾ, ಎಲ್ಲಿ ಬರೆದಿದೆ ತೋರಿಸಿ ಎಂದು ನಿಂತರು. ಕೆಮ್ಮಿನ ಸಿರಪ್ಪಿಗೂ ಸಾಕ್ಷಿ ಬೇಕಾಯಿತು. ಒಬ್ಬಾಕೆ ಬ್ಯಾಂಡೇಜ್ ಬಟ್ಟೆ ಯಾವ ಗಿಡದ್ದು ಎಂದರು. ಎಲ್ಲರಿಗೂ ಹೇಳಿದೆ. ಗೊತ್ತಿಲ್ಲದ್ದನ್ನು ಪುಸ್ತಕ ತೆಗೆದು ನೋಡಿ ಹೇಳಿದೆ. ಸಾಲು ಬಾಗಿಲು ದಾಟಿ ಹೊರಗೆ ನಿಂತಿತ್ತು. ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ.

ಮನೆಗೆ ಬರುವಾಗ ಅಕ್ಕನ ಮಾತ್ರೆಯ ಮಾಹಿತಿ ಪತ್ರ ಮುದ್ರಿಸಿ ತಂದೆ. ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದೆ. ನೋಡಿದಳು. ಕಂಪ್ಯೂಟರಿನಲ್ಲಿ ಏನು ಬೇಕಾದರೂ ಹೊಡೆಯಬಹುದಲ್ಲ ಎಂದು ಹಿಂದಕ್ಕೆ ಕೊಟ್ಟಳು.

ಮಾರ್ಚ್ ೧೯, ಮಂಗಳವಾರ

ಪಕ್ಕದ ಮನೆಯಾಕೆಯ ಕೈಕಾಲು ಹಿಡಿದು, ಅವರ ಜೊತೆ ಅಕ್ಕನನ್ನು ರಕ್ತ ಪರೀಕ್ಷೆಗೆ ಕಳಿಸಿದೆ. ಸಂಖ್ಯೆ ಒಂದೂವರೆ. ಡಾಕ್ಟರಮ್ಮ ನನ್ನನ್ನು ಕರೆದು, ಔಷಧ ವಿಭಾಗದವರ ಮನೆಯಲ್ಲೇ ಹೀಗಾದರೆ ಹೇಗೆ ಎಂದು ಬೈದರು. ಹೀಗೇ ಬಿಟ್ಟರೆ ಮತ್ತೆ ಹೆಪ್ಪುಗಟ್ಟುವುದು ಯಾವ ದಿನ ಬೇಕಾದರೂ ಆಗಬಹುದು.

ಬೇಳೆಯಲ್ಲಿ ಅರೆದು ಹಾಕಿಬಿಡಲೇ ಎಂದು ಯೋಚಿಸಿದೆ. ಮಾತ್ರೆಯನ್ನು ಚಮಚದ ಕೆಳಗಿಟ್ಟು ಪುಡಿಯೂ ಮಾಡಿದೆ. ಗುಲಾಬಿ ಪುಡಿ. ಬೇಳೆಯ ಪಾತ್ರೆಯ ಮುಚ್ಚಳವನ್ನೂ ತೆಗೆದೆ. ಒಳಗೆ ಮಿಷನ್ನಿನ ಸದ್ದು ಕೇಳುತ್ತಿತ್ತು. ಪುಡಿಯನ್ನು ನಲ್ಲಿಯ ಕೆಳಗೆ ಹಿಡಿದೆ. ಯಾಕೆ ಹಾಗೆ ಮಾಡಿದೆ ಎಂದು ನನಗೆ ವಿವರಿಸಲು ಬರುವುದಿಲ್ಲ. ಒಂದು ಮಾತ್ರೆ ದಂಡ ಆಯಿತು.

ಮಾರ್ಚ್ ೨೦, ಬುಧವಾರ

ಗುರುಗಳಿಗೆ ಫೋನ್ ಮಾಡಿ ಆ ತಮ್ಮ ನಾನೇ ಎಂದೆ. ಭಾನುವಾರದಿಂದ ಗೊತ್ತಿದೆ ಎಂದರು. ಸಂಜೆ ಮನೆಗೇ ಬಂದರು. ಅಕ್ಕನಿಗೆ ತಿಳಿ ಹೇಳುತ್ತಾರೆ, ಇವತ್ತು ಮುಗಿಯುತ್ತದೆ ಎಂದು ನಾನು ಸಮಾಧಾನವಾಗಿದ್ದೆ. ಜೀವ ದೊಡ್ಡದು ತಾಯಿ, ತೆಗೆದುಕೊಳ್ಳಿ ಎಂದು ಅವರು ಹೇಳಿದರು ಕೂಡ. ಅಕ್ಕ ಅವರಿಗೇ ಪಾಠ ಹೇಳಿದಳು.

"ಗೊತ್ತಿದ್ದು ತಗೋಬೇಕು ಅಂತ ನೀವೇ ಹೇಳ್ಕೊಟ್ಟಿದ್ದು. ನಂಗೆ ಯಾರು ಗೊತ್ತು ಮಾಡಿಸಿದಾರೆ? ಹೇಳೋನು ಇವನೊಬ್ಬನೇ, ಇವನ ಮಾತು ನಂಬೋ ಹಾಗಿಲ್ಲ."

ಗುರುಗಳು ಪೆನ್ಸಿಲ್ ಜೇಬಿಗಿಟ್ಟು ಎದ್ದರು. ಹೋಗುವಾಗ ಬಾಗಿಲಲ್ಲಿ, ಇದನ್ನು ನಾನು ಬಿಡಿಸಲಾರೆ, ಲೆಕ್ಕ ನಿಮ್ಮದು ಎಂದರು. ಇಷ್ಟು ಹೇಳಲು ಮನೆವರೆಗೆ ಬರಬೇಕಿತ್ತಾ.

ಅವರು ಹೋದ ಮೇಲೆ ಮಾಹಿತಿ ಪತ್ರವನ್ನು ಮತ್ತೆ ಓದಿದೆ. ಪಟ್ಟಿಗಾಗಿ ಇಂಥ ಪತ್ರ ರಾಶಿ ಓದಿದ ಮೇಲೆ ಈಗ ಕಣ್ಣಿಗೆ ಬೀಳುತ್ತದೆ. ಕೊನೆಯಲ್ಲಿ ಒಂದು ವಸ್ತು ಇದೆ, ಮಾತ್ರೆ ಅಚ್ಚಿಗೆ ಅಂಟದ ಹಾಗೆ ಹಾಕುವ ಪುಡಿ, ಸಾಸಿವೆ ಕಾಳಿನಷ್ಟೂ ಇಲ್ಲ. ಅದನ್ನು ಸಸ್ಯದ ಎಣ್ಣೆಯಿಂದಲೂ ಮಾಡುತ್ತಾರೆ, ಪ್ರಾಣಿಯ ಕೊಬ್ಬಿನಿಂದಲೂ ಮಾಡುತ್ತಾರೆ. ಬರೀ ರಾಸಾಯನಿಕ ಎಂದು ಶನಿವಾರ ಆಣೆ ಇಟ್ಟಿದ್ದೆ. ಅದನ್ನೂ ತಿಳಿಯದೆ ಇಟ್ಟಿದ್ದೆ.

ಮಾರ್ಚ್ ೨೧, ಗುರುವಾರ

ಕಂಪನಿಗೆ ಬೆಳಿಗ್ಗೆಯಿಂದ ಏಳು ಸಲ ಫೋನ್. ಒಬ್ಬರು ಇನ್ನೊಬ್ಬರಿಗೆ, ಇನ್ನೊಬ್ಬರು ಮೊದಲನೆಯವರಿಗೆ ದಾಟಿಸಿದರು. ಕೊನೆಗೆ ಸಿಕ್ಕ ಆಸಾಮಿ, ಇಷ್ಟು ಚಿಕ್ಕ ವಿಷಯ ಯಾರು ಕೇಳುತ್ತಾರೆ ಸಾರ್, ರೋಗಿಗೆ ಸುಮ್ಮನೆ ಇಲ್ಲ ಅಂದುಬಿಡಿ ಎಂದ. ನನಗೆ ಎಲ್ಲಿತ್ತೋ ಸಿಟ್ಟು.

"ತಗೊಳ್ಳೋರಿಗೆ ಗೊತ್ತಿರಬೇಕು ಕಣ್ರೀ. ನಿಮ್ಮನ್ನ ಒಪ್ಪಿಗೆ ಕೇಳ್ತಿಲ್ಲ, ಏನಿದೆ ಅಂತ ಕೇಳ್ತಿದೀನಿ."

ಗುರುಗಳು ಎದುರೇ ಕೂತಿದ್ದರು, ತಲೆ ಎತ್ತಲಿಲ್ಲ, ಬರೆಯುತ್ತಿದ್ದರು. ಫೋನಿನಲ್ಲಿ ಹಾಗೆ ಕಿರುಚಬಾರದಿತ್ತು. ರಕ್ತದೊತ್ತಡ ನೋಡಿಸಿಕೊಳ್ಳಬೇಕು.

ಮೂರೂವರೆಗೆ ಇ-ಮೇಲ್ ಬಂತು. ಆ ಪುಡಿಯನ್ನು ಇಬ್ಬರು ಸರಬರಾಜುದಾರರಿಂದ ಕೊಳ್ಳುತ್ತಾರೆ, ಒಬ್ಬರದ್ದು ಸಸ್ಯದ್ದು, ಇನ್ನೊಬ್ಬರದ್ದು ಪ್ರಾಣಿಯದ್ದೂ ಇರಬಹುದು, ಯಾವ ಬ್ಯಾಚಿನ ಮಾತ್ರೆಗೆ ಯಾವುದು ಬಿದ್ದಿದೆ ಎಂದು ಹೇಳಲಾಗದು. ಎರಡು ಸಲ ಓದಿದೆ. ಇದಕ್ಕಿಂತ ಅವನು ಇಲ್ಲ ಎಂದು ಸುಳ್ಳು ಹೇಳಿದ್ದರೂ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನ್ನಿಸಿತು. ಪಟ್ಟಿಯಲ್ಲಿ ಆ ಮಾತ್ರೆಯ ಮುಂದೆ 'ಖಚಿತವಿಲ್ಲ' ಎಂದು ಬರೆದೆ. ಹೆಪಾರಿನ್ನಿನ ಸಾಲನ್ನೂ ತುಂಬಿದೆ. ಪಟ್ಟಿ ಗೋಡೆಗೆ ಹೋಯಿತು.

ಆರಕ್ಕೆ ಐದು ನಿಮಿಷ ಮೊದಲು ಮನೆ ತಲುಪಿದೆ. ಮಿಷನ್ನಿನ ಮುಂದೆ ಕೂತಿದ್ದಳು. ಎಡಗಾಲನ್ನು ಸ್ಟೂಲಿನ ಮೇಲೆ ಇಟ್ಟಿದ್ದಳು, ಮತ್ತೆ ಊದಿದೆಯೋ ನನ್ನ ಹೆದರಿಕೆಯೋ ತಿಳಿಯಲಿಲ್ಲ. ಶನಿವಾರ ನಾನು ಹೇಳಿದ್ದು ಪೂರ್ತಿ ನಿಜವಲ್ಲ ಅಕ್ಕ ಎಂದೆ. ಆ ಪುಡಿಯ ಸಂಗತಿ ಹೇಳಿದೆ. ಕೊಬ್ಬು ಇರಬಹುದು, ಇಲ್ಲದೆಯೂ ಇರಬಹುದು, ಯಾವ ಪ್ರಾಣಿಯದ್ದು ಎಂದೂ ಅವರು ಬರೆದಿಲ್ಲ ಎಂದೆ.

"ಅಂದ್ರೆ?"

"ಗೊತ್ತಿಲ್ಲ."

"ನಿಂಗೆ ಗೊತ್ತಿಲ್ವಾ?"

"ನಂಗೂ ಗೊತ್ತಿಲ್ಲ, ಮಾಡೋರಿಗೂ ಗೊತ್ತಿಲ್ಲ. ತಗೋಳೋದು ಬಿಡೋದು ನಿಂದು. ಬಿಟ್ರೆ ಏನಾಗುತ್ತೆ ಅಂತ ಡಾಕ್ಟರಮ್ಮ ಹೇಳಿದಾರೆ, ಅದು ಮಾತ್ರ ಗೊತ್ತು."

ಕನ್ನಡಕ ತೆಗೆದು ನನ್ನನ್ನು ತುಂಬಾ ಹೊತ್ತು ನೋಡಿದಳು. ಐದು ದಿನದಿಂದ ನನ್ನ ಕಡೆ ನೋಡಿರಲಿಲ್ಲ. ಸುಳ್ಳು ಹೇಳುವುದಾಗಿದ್ದರೆ ಇದನ್ನು ಹೇಳುತ್ತಿರಲಿಲ್ಲ ನೀನು ಎಂದಳು, ನನಗೋ ತನಗೋ ಗೊತ್ತಾಗದ ಹಾಗೆ. ಮಾತ್ರೆ ಕೊಡು ಎಂದು ಕೈ ಚಾಚಿದಳು.

ಅಂಗೈಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಇದು ಇಂಥದ್ದೇ ಎಂದು ತಿಳಿಯದು, ನನ್ನ ಜೀವಕ್ಕೋಸ್ಕರ ತೆಗೆದುಕೊಳ್ಳುತ್ತಿದ್ದೇನೆ ಎಂದು ಮೆಲ್ಲಗೆ, ಒಂದೊಂದೇ ಪದ ಹೇಳಿದಳು. ನಾನು ನೀರು ಹಿಡಿದು ನಿಂತಿದ್ದೆ. ಅವಳು ಹೇಳಿ ಮುಗಿಸುವವರೆಗೆ ಆಕಡೆ ಈಕಡೆ ಅಲ್ಲಾಡಲಿಲ್ಲ, ಗಡಿಯಾರ ನೋಡಲಿಲ್ಲ.

ನುಂಗಿದಳು. ಲೋಟಕ್ಕೆ ಕೈ ಚಾಚಿದೆ, ಕೊಡಲಿಲ್ಲ. ಕುಂಟುತ್ತಾ ಎದ್ದು ಹೋಗಿ ತಾನೇ ತೊಳೆದಿಟ್ಟಳು.